ಯಾರ ಕೈಯ ಮೊಳ

ನನ್ನನ್ನು ಮಾರಲಾಗಿದೆ ಎಂಬ ಸಂಗತಿ ನನಗೆ ತಿಳಿದದ್ದು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ. ನನ್ನೊಬ್ಬನನ್ನೇ ಅಲ್ಲ, ಹೆಂಡತಿ, ಮನೆ, ಗೇಟು, ದೇವರ ಗೂಡಿನಲ್ಲಿರುವ ಅಷ್ಟೂ ದೇವರು, ಎಲ್ಲವೂ ಸೇರಿ ಒಂದೇ ವ್ಯವಹಾರದಲ್ಲಿ ಕೈ ಬದಲಾಗಿದ್ದವು. ನಮ್ಮನ್ನು ಯಾರೂ ಕೇಳಿರಲಿಲ್ಲ. ಕೇಳುವ ಪದ್ಧತಿಯೂ ಇಲ್ಲವಂತೆ.

ಮಾರಿದಾಕೆ ನಮ್ಮ ಬೀದಿಯ ಹೂವಿನಜ್ಜಿ. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು, ಅಷ್ಟೆ. ಆದರೆ ಬುಟ್ಟಿ ಹೊತ್ತವರನ್ನು ಬೀದಿ ಬೇಗ ಅಜ್ಜಿ ಮಾಡುತ್ತದೆ, ಪೆನ್ಷನ್ ತೆಗೆದುಕೊಳ್ಳುವವರನ್ನು ತಡವಾಗಿ ತಾತ ಮಾಡುತ್ತದೆ. ಕನಕಪುರ ರಸ್ತೆಯ ಜರಗನಹಳ್ಳಿಯಿಂದ ಬೆಳಕು ಹರಿಯುವ ಮೊದಲೇ ಬಂದು, ಜೆ.ಪಿ. ನಗರದ ನಮ್ಮ ಅಡ್ಡರಸ್ತೆಯಲ್ಲಿ ಗೇಟಿಗೆ ಕಟ್ಟಿದ ಚೀಲಗಳೊಳಗೆ ಬಾಳೆಲೆಯ ಪೊಟ್ಟಣ ಇಳಿಸಿ ಹೋಗುತ್ತಿದ್ದಳು. ಹೀಗೆ ದಿನವೂ ಹೂವು ಹಾಕುವ ಮನೆಗಳ ಸಾಲಿಗೆ ಆ ಕಸುಬಿನವರು ‘ಲೈನ್’ ಎನ್ನುತ್ತಾರೆ. ಪೇಪರಿನವರಿಗೆ ಪೇಪರ್ ಲೈನ್, ಹಾಲಿನವರಿಗೆ ಹಾಲಿನ ಲೈನ್ ಇದ್ದ ಹಾಗೆ. ಲೈನನ್ನು ಕೊಳ್ಳಬಹುದು, ಮಾರಬಹುದು, ಮಗಳಿಗೆ ಬಳುವಳಿಯಾಗಿಯೂ ಕೊಡಬಹುದು. ಅಜ್ಜಿಯ ಮಂಡಿ ಸವೆದಿತ್ತು; ಮಾರಿಬಿಟ್ಟಳು.

ಇದು ನನಗೆ ಗೊತ್ತಿರಬೇಕಾಗಿದ್ದ ವಿಷಯ. ಜಯನಗರದ ಸಂಜೆ ಕಾಲೇಜೊಂದರಲ್ಲಿ ನಾನು ನನ್ನ ಆಯುಷ್ಯದ ಹೆಚ್ಚಿನ ಭಾಗವನ್ನು ಬಿ.ಕಾಂ. ವಿದ್ಯಾರ್ಥಿಗಳಿಗೆ ವಾಣಿಜ್ಯ ಕಾನೂನು ಹೇಳಿಕೊಡುತ್ತಾ ಕಳೆದವನು. ಸರಕು ಎಂದರೇನು, ಮಾರಾಟ ಎಂದರೇನು, ಒಪ್ಪಂದ ಎಲ್ಲಿ ಹುಟ್ಟುತ್ತದೆ, ಯಾವ ಕಾಯಿಲೆಯಿಂದ ಸಾಯುತ್ತದೆ, ಇವೆಲ್ಲ ನನ್ನ ಪಾಠ. ದಿನವಿಡೀ ದುಡಿದು ಬಂದ ಮಕ್ಕಳು ಹಿಂದಿನ ಬೆಂಚಿನಲ್ಲಿ ಶಾಂತವಾಗಿ ನಿದ್ದೆ ಮಾಡುತ್ತಿದ್ದರು. ನಾನೂ ಅವರ ನಿದ್ದೆ ಕೆಡದ ಧ್ವನಿಯಲ್ಲಿ ‘ಗುಡ್‌ವಿಲ್’ ಎಂಬುದನ್ನು ವಿವರಿಸುತ್ತಿದ್ದೆ. ಹಳೆಯ ಗಿರಾಕಿ ಹಳೆಯ ಜಾಗಕ್ಕೇ ಮರಳಿ ಬರುತ್ತಾನೆ ಎಂಬ ನಂಬಿಕೆಯೇ ಗುಡ್‌ವಿಲ್. ಅಂದರೆ ಗಿರಾಕಿಯ ಸೋಮಾರಿತನಕ್ಕೆ ಕಾನೂನು ಇಟ್ಟಿರುವ ಗೌರವದ ಹೆಸರು. ಅದಕ್ಕೆ ಬೆಲೆಯುಂಟು, ಅದನ್ನು ಮಾರಬಹುದು ಎಂದು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆ ಸರಕಿನಲ್ಲಿ ನಾನೂ ಸೇರಿದ್ದೇನೆ ಎಂದು ಮಾತ್ರ ಹೊಳೆದಿರಲಿಲ್ಲ.

ಆ ಬೆಳಿಗ್ಗೆ ಗೇಟಿನ ಹತ್ತಿರ ಹೆಂಡತಿಯ ಧ್ವನಿಯೂ ಇನ್ನೊಂದು ಅಪರಿಚಿತ ಧ್ವನಿಯೂ ಕೇಳಿಸಿದವು.

“ನಾ ಹೊಸಾಕೀರಿ ಅಕ್ಕಾರ. ಅಜ್ಜಿ ಲೈನ್ ನಾ ತಗೊಂಡೇನ್ರಿ.”

“ತಗೊಂಡೆ ಅಂದ್ರೆ?”

“ರೊಕ್ಕಾ ಕೊಟ್ಟ ತಗೊಂಡೇನ್ರಿ. ನಿಮ್ಮ ಮನಿ ಸೈತ ಅದರಾಗ ಬಂದೈತ್ರಿ.”

ನಾನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದೆ. “ಎಷ್ಟಕ್ಕೆ?”

“ಬಾಯಿ ತೊಳ್ಕೊಂಡು ಬಂದು ಕೇಳ್ರೀ,” ಎಂದಳು ಹೆಂಡತಿ.

ಬಾಯಿ ತೊಳೆದುಕೊಂಡು ಬಂದು ಕೇಳಿದೆ. ಹೊಸಬಳಿಗೆ ಮೂವತ್ತರ ಆಸುಪಾಸು. ಗಿಡ್ಡ ಆಳು, ದುಂಡು ಮುಖ, ಬುಟ್ಟಿಯ ಅಂಚಿಗೆ ಕ್ಯೂಆರ್ ಕೋಡಿನ ಹಲಗೆ ಕಟ್ಟಿಕೊಂಡಿದ್ದಳು. ಬಾಗಲಕೋಟೆಯ ಕಡೆಯವಳು. ಗಂಡ ಒಂದು ಆಫೀಸಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ಬಿಟಿಎಂ ಲೇಔಟಿನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದರು. ವ್ಯವಹಾರದ ವಿವರವನ್ನು ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ದಿನದ ಮನೆಗೆ ಪೂರ್ತಿ ಬೆಲೆ, ಶುಕ್ರವಾರ ಮಾತ್ರ ಹೂವು ಕೊಳ್ಳುವ ಮನೆಗೆ ಅರ್ಧ. ಮೂಲೆಮನೆಗೆ ಎರಡರಷ್ಟು.

“ನಮ್ಮನೆ?” ಎಂದೆ.

ಆಕೆ ಸೆರಗಿನ ತುದಿ ನೋಡಿಕೊಂಡಳು. “ನಿಮ್ದು ಶುಕ್ರವಾರದ ಮನಿಗಿಂತ ಸ್ವಲ್ಪ ಮ್ಯಾಲ್ರಿ ಸರ.”

“ದಿನಾ ತಗೋತೀವಲ್ಲಮ್ಮ!”

“ಹೌದ್ರಿ. ಆದ್ರ ಸರ ಚೌಕಾಶಿ ಭಾಳ ಮಾಡ್ತಾರ ಅಂತ ಅಜ್ಜಿ ಕಮ್ಮಿ ಹಿಡಿದಾಳ್ರಿ.”

ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು. ಕಾಲೇಜಿನಿಂದ ನಿವೃತ್ತನಾದಾಗ ಶಾಲು, ಹಾರ, ಬೆಳ್ಳಿಯ ಕುಂಕುಮದ ಬಟ್ಟಲು ಕೊಟ್ಟು ನನ್ನನ್ನು ಅಮೂಲ್ಯ ಎಂದು ಬಣ್ಣಿಸಿದ್ದರು. ಮಾರುಕಟ್ಟೆಯ ಅಭಿಪ್ರಾಯ ಬೇರೆಯಿತ್ತು.

ಕ್ರಯ ನಡೆದದ್ದು ಜರಗನಹಳ್ಳಿಯಲ್ಲಿ, ಅಜ್ಜಿಯ ಬಾಡಿಗೆ ಮನೆಯ ಜಗಲಿಯ ಮೇಲೆ. ಕಾಗದವಿಲ್ಲ, ಸಾಕ್ಷಿಗಳ ಸಹಿಯಿಲ್ಲ. ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ಮೊಳ ಹೂವು. ಹಣ ಕೈಗೆ ಬಂದ ಮೇಲೆ ಅಜ್ಜಿ ಬುಟ್ಟಿಯನ್ನು ಹೊಸಬಳ ಸೊಂಟಕ್ಕೆ ಇಟ್ಟು ಹರಸಿ, ಔಟರ್ ರಿಂಗ್ ರಸ್ತೆ ದಾಟಿ ಇನ್ನು ಮೇಲೆ ತಾನು ಬುಟ್ಟಿ ಇಳಿಸುವುದಿಲ್ಲವೆಂದು ಮಾತು ಕೊಟ್ಟಳಂತೆ. ಇದನ್ನು ಕೇಳಿದಾಗ ನನಗೆ ಆದ ಸಂತೋಷವನ್ನು ಹೆಂಡತಿಯ ಜೊತೆ ಹಂಚಿಕೊಳ್ಳಲು ಹೋಗಿ ಬೈಸಿಕೊಂಡೆ. ವ್ಯಾಪಾರ ಮಾಡುವುದಿಲ್ಲ ಎಂದು ಯಾರಾದರೂ ಒಪ್ಪಂದ ಮಾಡಿಕೊಂಡರೆ ಸಾಮಾನ್ಯವಾಗಿ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದರೆ ಗುಡ್‌ವಿಲ್ ಮಾರಿದವನು ಇಂತಿಷ್ಟು ಪ್ರದೇಶದೊಳಗೆ ಅದೇ ವ್ಯಾಪಾರ ಮಾಡುವುದಿಲ್ಲವೆಂದರೆ ನಿಲ್ಲುತ್ತದೆ. ಪ್ರತಿ ವರ್ಷ ಪರೀಕ್ಷೆಗೆ ಬರುತ್ತಿದ್ದ ಪ್ರಶ್ನೆ. ಉದಾಹರಣೆಗೆ ನಾನು ಯಾವಾಗಲೂ ಇಂಗ್ಲೆಂಡಿನ ಯಾವುದೋ ಬಂದೂಕು ತಯಾರಕನನ್ನು ಕರೆತರುತ್ತಿದ್ದೆ. ರಿಂಗ್ ರಸ್ತೆ ಇಷ್ಟು ಹತ್ತಿರವಿತ್ತು.

ಆಮೇಲೆ ಒಂದಷ್ಟು ದಿನ, ಬೆಳಕು ಹರಿಯುವ ಮೊದಲೇ, ಅಜ್ಜಿ ಕುಂಟುತ್ತಾ ಮುಂದೆ, ಹೊಸಬಳು ಬುಟ್ಟಿ ಹೊತ್ತು ಹಿಂದೆ. ಇದಕ್ಕೆ ‘ಮನೆ ತೋರಿಸುವುದು’ ಎನ್ನುತ್ತಾರೆ. ಈ ಗೇಟಿಗೆ ಎರಡು ಮೊಳ ಮಲ್ಲಿಗೆ, ಇಲ್ಲಿ ಒಂದು ಮೊಳ ಕಾಕಡ, ಈ ಮನೆಯಲ್ಲಿ ನಾಯಿಯಿದೆ, ಆ ಮನೆಯವರು ತಿಂಗಳ ಕೊನೆಗೆ ದುಡ್ಡು ಕೊಡುತ್ತಾರೆ. ಇಷ್ಟು ತೋರಿಸಿದ ಮೇಲೆ ಮನೆಗಳು ಕೊಂಡವಳ ವಶವಾದಂತೆ. ಹೊಸಬಳು ಆ ಹಣವನ್ನು ಹೊಂದಿಸಿದ್ದು ಕಿವಿಯೋಲೆಯನ್ನು ಅಡವಿಟ್ಟು. ಕಿವಿಯ ತೂತಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದನ್ನು ನನ್ನ ಹೆಂಡತಿ ಮೊದಲ ದಿನವೇ ಗಮನಿಸಿದ್ದಳು. ನನಗೆ ಹೇಳಿದ್ದು ಆಮೇಲೆ.

ತಕರಾರು ಶುರುವಾದದ್ದು ಶ್ರಾವಣ ಹತ್ತಿರವಾಗುವಾಗ, ಅದೂ ದೇವರ ಫೋಟೊದಿಂದ.

ಮೂಲೆಮನೆಯ ಮೇಡಂ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಸಾಲ ಮಂಜೂರು ಮಾಡುವುದಕ್ಕಿಂತ ತಿರಸ್ಕರಿಸುವುದರಲ್ಲಿ ಹೆಸರು ಮಾಡಿದವರು. ಅವರು ತೆಗೆದುಕೊಂಡ ಅಕ್ಕಿಯನ್ನೇ ಬೀದಿ ತೆಗೆದುಕೊಳ್ಳುತ್ತದೆ. ಅವರು ಬಿಡಿಸಿದ ಕೆಲಸದವಳಿಗೆ ಬೀದಿಯಲ್ಲಿ ಬೇರೆ ಮನೆ ಸಿಗುವುದಿಲ್ಲ. ಅವರ ಮನೆಗೆ ಎರಡರಷ್ಟು ಬೆಲೆ ಬಂದದ್ದು ಸುಮ್ಮನೆ ಅಲ್ಲ. ಒಂದು ಬೆಳಿಗ್ಗೆ ಬೀದಿಯ ವಾಟ್ಸ್ಆಪ್ ಗುಂಪಿನಲ್ಲಿ ಅವರು ತಮ್ಮ ಲಕ್ಷ್ಮಿಯ ಪಟದ ಚಿತ್ರ ಹಾಕಿದರು. ಹೂವಿನ ಸರ ಎಡಗಡೆಯ ಮೊಳೆಯಿಂದ ಹೊರಟು ಬಲಗಡೆಯ ಮೊಳೆಯನ್ನು ಮುಟ್ಟದೆ ಗಾಳಿಯಲ್ಲಿ ನಿಂತಿತ್ತು. ಕೆಳಗೆ ಒಂದೇ ಸಾಲು: ‘ನಾಲ್ಕು ಬೆರಳು ಕಡಿಮೆ. ನಿಮ್ಮಲ್ಲೂ ಹೀಗೇನಾ?’

ಎಲ್ಲರಲ್ಲೂ ಹಾಗೇ. ಮಧ್ಯಾಹ್ನದ ಹೊತ್ತಿಗೆ ಬೀದಿಯ ಸಮಸ್ತ ದೇವತೆಗಳೂ ಅರ್ಧ ಹಾರದಲ್ಲಿ ಮೊಬೈಲಿನ ಪರದೆಯ ಮೇಲೆ ಸಾಲಾಗಿ ದರ್ಶನ ಕೊಟ್ಟರು. ಹೊಸಬಳು ಮೊಳದಲ್ಲಿ ಮೋಸ ಮಾಡುತ್ತಿದ್ದಾಳೆ ಎಂಬ ತೀರ್ಪು ಸಂಜೆಗೆ ಹೊರಬಿತ್ತು. ಮೂಲೆಮನೆಯವರು ಪರಿಹಾರವನ್ನೂ ಸೂಚಿಸಿದರು: ಆಪಿನಲ್ಲಿ ಪ್ಲಾಸ್ಟಿಕ್ ಪೊಟ್ಟಣದ ಹೂವು ಸಿಗುತ್ತದೆ, ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ, ಗ್ರಾಂ ಲೆಕ್ಕ. ಮುಂದಿನ ಒಂದನೇ ತಾರೀಖಿನಿಂದ ತಾವು ಅದನ್ನೇ ತರಿಸುವುದು. ಕೆಳಗೆ ಹೆಬ್ಬೆರಳುಗಳು ಒಂದರ ಹಿಂದೆ ಒಂದು ಎದ್ದವು.

ಮರುದಿನ ನನ್ನ ಹೆಂಡತಿ ಹೊಸಬಳನ್ನು ಗೇಟಿನ ಹತ್ತಿರ ತಡೆದು, “ನನ್ನೆದುರಿಗೆ ಒಂದು ಮೊಳ ಅಳೆದು ತೋರಿಸಮ್ಮ” ಎಂದಳು. ಆಕೆ ದಾರದ ತುದಿಯನ್ನು ಮೊಳಕೈ ಮೂಳೆಗೆ ಒತ್ತಿ ಹಿಡಿದು, ಸರವನ್ನು ನಡುಬೆರಳ ತುದಿಯವರೆಗೆ ಎಳೆದು, ಮೇಲೆ ಎರಡು ಹೂವು ಹೆಚ್ಚಿಗೆ ಬಿಟ್ಟು ಕತ್ತರಿಸಿದಳು. ಇದಕ್ಕಿಂತ ಪ್ರಾಮಾಣಿಕವಾದ ಮೊಳವನ್ನು ನಾನು ಕಂಡಿಲ್ಲ. ಅದನ್ನು ತೆಗೆದುಕೊಂಡು ಹೋಗಿ ನಮ್ಮ ಪಟಕ್ಕೆ ಹಾಕಿದರೆ, ನಾಲ್ಕು ಬೆರಳು ಕಡಿಮೆ.

“ನಾ ಮೋಸಗಾರ್ತಿ ಅಲ್ರಿ ಅಕ್ಕಾರ,” ಎಂದಳು. “ಮೂಲಿ ಮನಿಯವ್ರು ಬಿಟ್ರ ಎಲ್ಲಾರೂ ಬಿಡ್ತಾರ್ರಿ. ನಾ ಓಲಿ ಹ್ಯಾಂಗ ಬಿಡಿಸ್ಕೊಳ್ಳಲಿ? ನಮ್ಮವರು ಮೊದಲ ಬ್ಯಾಡ ಅಂದಿದ್ರು. ಗೇಟ್ ಅದಾವ, ಮಂದಿ ಅದಾರ, ಹೂವ ಇಡಲಾರದ ಮನಿ ಇಲ್ಲಾ ಅಂತ ನಾನ ಹಟ ಮಾಡಿ ಕೊಂಡೆ.”

ಕೈಯಲ್ಲಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟೆ. ನನ್ನ ಕಣ್ಣ ಮುಂದೆ ಅಜ್ಜಿ ನಿಂತಳು. ಎತ್ತರದ ಹೆಂಗಸು, ನಮ್ಮ ಗೇಟಿನ ಒಳಗಡೆಯ ಚಿಲಕವನ್ನು ಹೊರಗಿನಿಂದಲೇ ಕೈ ಇಳಿಬಿಟ್ಟು ತೆಗೆಯಬಲ್ಲವಳು. ಅವಳಷ್ಟು ಉದ್ದದ ತೋಳು ಬೀದಿಯಲ್ಲಿ ಯಾರಿಗೂ ಇರಲಿಲ್ಲ.

“ಮೊಳ ಅಂದರೆ ಮೊಳಕೈಯಿಂದ ನಡುಬೆರಳ ತುದಿ,” ಎಂದೆ ನಾನು ಗಂಭೀರವಾಗಿ. “ಪ್ರಶ್ನೆ ಏನೆಂದರೆ, ಯಾರದ್ದು?”

“ಅಂದ್ರೆ?” ಎಂದಳು ಹೆಂಡತಿ.

“ಕ್ರಯದಲ್ಲಿ ಮನೆ ಬಂತು, ಮೊಳ ಬಂತು. ಅಜ್ಜಿಯ ಕೈ ಬರಲಿಲ್ಲ. ಅಜ್ಜಿ ಅಳೆದದ್ದು ತನ್ನ ಕೈಯಿಂದ, ಇವಳು ಅಳೆಯೋದು ತನ್ನ ಕೈಯಿಂದ. ಇಬ್ಬರದೂ ಸರಿ. ನಮ್ಮ ಪಟಗಳಿಗೆಲ್ಲ ಮೊಳೆ ಹೊಡೆದದ್ದು ಅಜ್ಜಿಯ ತೋಳಿನ ಅಳತೆಗೆ.”

ಹೊಸಬಳು ತನ್ನ ಕೈಯನ್ನು ಮೊದಲ ಸಲ ನೋಡುವವಳ ಹಾಗೆ ತಿರುಗಿಸಿ ನೋಡಿಕೊಂಡಳು.

ರೋಗ ಸಿಕ್ಕಿತು, ಔಷಧಿ ಬೇಕಲ್ಲ. ನಾನು ಮೊದಲು ಸೂಚಿಸಿದ್ದು ಟೇಪು. ಸರ್ಕಾರದ ಅಳತೆಯ ಕಾಯಿದೆಗೆ ಮೀಟರು ಗೊತ್ತು, ಮೊಳ ಗೊತ್ತಿಲ್ಲ. ಆ ಕಾಯಿದೆಯ ಕಣ್ಣಿಗೆ ನಮ್ಮ ಬೀದಿಯಲ್ಲಿ ಇಷ್ಟು ವರ್ಷ ಹೂವಿನ ವ್ಯಾಪಾರವೇ ನಡೆದಿಲ್ಲ. ತೆರಿಗೆ ಇಲಾಖೆಯೂ ಬಿಡಿ ಹೂವಿನ ಮೇಲೆ ಕಣ್ಣು ಹಾಕಿಲ್ಲವಾದ್ದರಿಂದ ಅಲ್ಲೂ ಇದರ ಸುಳಿವಿಲ್ಲ. ಅಷ್ಟು ಪವಿತ್ರವಾದ ವ್ಯವಹಾರ. ಇಂತಿಷ್ಟು ಸೆಂಟಿಮೀಟರು ಎಂದು ನಿಗದಿ ಮಾಡಿದರೆ ಮುಗಿಯಿತು ಎಂದೆ. ಹೆಂಡತಿ ನನ್ನನ್ನು ಕನಿಕರದಿಂದ ನೋಡಿದಳು.

“ದೇವರಿಗೆ ಇಡೋ ಹೂವನ್ನ ಬ್ಲೌಸ್ ಪೀಸ್ ಥರ ಅಳೀತಾರೇನ್ರೀ?”

ಹೊಸಬಳೂ ಅದನ್ನೇ ಹೇಳಿದಳು, ಮರ್ಯಾದೆಯಿಂದ. ಹಾಗಾದರೆ ನಾಲ್ಕು ಬೆರಳು ಹೆಚ್ಚಿಗೆ ಕೊಟ್ಟುಬಿಡು ಎಂದರೆ, “ಮನಿಮನಿಗೂ ನಾಕ ಬೆರಳ ಅಂದ್ರ ಬುಟ್ಟಿ ತಳಾ ಕಾಣತೈತ್ರಿ ಸರ. ಮಾರ್ಕೆಟ್ನ್ಯಾಗ ಈಗ ಮಲ್ಲಿಗಿ ಮುಟ್ಟಂಗಿಲ್ಲ” ಎಂದಳು. ಹಾಗಾದರೆ ಬೆಲೆಯನ್ನಾದರೂ ಏರಿಸು. ಆಕೆ ಎರಡು ಕೈಯಿಂದಲೂ ಕಿವಿ ಮುಟ್ಟಿಕೊಂಡಳು. ಅದೊಂದು ಸಾಧ್ಯವಿಲ್ಲ. ಎಲೆ ಅಡಿಕೆ ಕೈಗಿಡುವಾಗ ಅಜ್ಜಿ ಹೇಳಿದ್ದಳಂತೆ: ರೇಟ್ ಮಾತ್ರ ಏರಿಸಬೇಡ. ತಾಂಬೂಲ ಹಿಡಿದು ಹೂಂ ಅಂದದ್ದು ಆಣೆ ಅಲ್ಲವೇ?

ನಾನು ಮೂಲೆಮನೆಗೆ ಹೋಗಿ ಬಂದೆ. ಹೋಗುವ ಮೊದಲು ಹಳೆಯ ಪಾಠದ ಪುಸ್ತಕವನ್ನು ತಿರುವಿ ಹಾಕಿ ಒಂದು ಬಲವಾದ ವಾದ ಕಟ್ಟಿಕೊಂಡಿದ್ದೆ. ಮಾರುವವನು ಒಪ್ಪಿದ್ದಕ್ಕಿಂತ ಹೆಚ್ಚು ಸರಕು ಕಳಿಸಿದರೆ ಕೊಳ್ಳುವವನು ಹೆಚ್ಚಿನದನ್ನು ಬೇಡವೆನ್ನಬಹುದು. ಆದರೆ ಅಷ್ಟನ್ನೂ ಇಟ್ಟುಕೊಂಡರೆ ಅಷ್ಟಕ್ಕೂ ದುಡ್ಡು ಕೊಡಬೇಕು. ಅಜ್ಜಿಯ ಉದ್ದ ಕೈಯ ಹೂವನ್ನು ನಾವು ವರ್ಷಗಟ್ಟಲೆ ಮಾತಿಲ್ಲದೆ ಇಟ್ಟುಕೊಂಡಿದ್ದೇವೆ. ಆದ್ದರಿಂದ ದೂರು ಕೊಡುವ ಸ್ಥಾನದಲ್ಲಿ ನಾವಿಲ್ಲ. ಕಾನೂನಿನ ಪ್ರಕಾರ ಅಜ್ಜಿಗೆ ನಾವೇ ಬಾಕಿ. ಮೇಡಂ ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ. ಬ್ಯಾಂಕಿನಲ್ಲಿ ಸಾಲಗಾರರ ಮಾತನ್ನೂ ಹೀಗೇ ಕೇಳುತ್ತಿದ್ದರೇನೋ.

“ತುಂಬಾ ಚೆನ್ನಾಗಿ ಹೇಳಿದ್ರಿ ಸಾರ್,” ಎಂದರು. “ನಿಮ್ಮನೆ ಬಾಕಿ ಎಷ್ಟಾಗುತ್ತೆ? ನೀವು ಕಟ್ಟಿದ ದಿನ ನಾನೂ ಕಟ್ಟಿಬಿಡ್ತೀನಿ.”

ಕಾಫಿ ಮಾತ್ರ ಒಳ್ಳೆಯದಿತ್ತು.

ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದೆ. ಆಕೆ ಕತ್ತರಿಸುತ್ತಿದ್ದ ಬೀನ್ಸನ್ನು ಮುಗಿಸಿದಳು. ಆಮೇಲೆ, “ಅಜ್ಜಿ ಇವಳನ್ನ ಕರ್ಕೊಂಡು ಬಂದದ್ದು ಯಾವಾಗ? ಕತ್ತಲಲ್ಲಿ. ಬೀದಿ ಎಲ್ಲ ಮಲಗಿತ್ತು. ಇವಳಿಗೆ ಮನೆ ತೋರಿಸಿದ್ಲು, ಸರಿ. ಬೀದಿಗೆ ಇವಳನ್ನ ತೋರಿಸಿದ್ಲಾ? ಜನ ಒಂದು ದಿನ ಎದ್ದು ನೋಡಿದ್ರೆ ಚೀಲದಲ್ಲಿ ಬೇರೆ ಯಾರ್ದೋ ಹೂವು. ಇವಳನ್ನ ನಂಬಿ ಅಂತ ನಮಗೆ ಹೇಳಿದೋರು ಯಾರು?” ಎಂದಳು.

ನಾನು ಎದ್ದು ನಿಂತೆ. ಸರಕು ಮೂರನೆಯವನ ಗೋದಾಮಿನಲ್ಲಿದ್ದರೆ, ಆ ಮೂರನೆಯವನು ಕೊಂಡವನಿಗೆ ‘ಇದು ಇನ್ನು ನಿನ್ನ ಪರವಾಗಿ ನನ್ನಲ್ಲಿದೆ’ ಎಂದು ಒಪ್ಪಿಕೊಳ್ಳುವವರೆಗೆ ಸರಕು ಕೈ ಸೇರಿದಂತೆ ಆಗುವುದಿಲ್ಲ. ಇದೂ ಪಾಠದಲ್ಲಿತ್ತು. ಇಲ್ಲಿ ಸರಕು ನಮ್ಮ ಅಭ್ಯಾಸ. ಅದನ್ನು ಇಟ್ಟುಕೊಂಡಿದ್ದವರೂ ನಾವೇ. ನಾವು ಒಪ್ಪಿಯೇ ಇರಲಿಲ್ಲ. ಕಾನೂನಿನ ಕಣ್ಣಲ್ಲಿ ಮಾರಾಟ ಇನ್ನೂ ದಾರಿಯಲ್ಲಿತ್ತು.

“ಅದೆಲ್ಲ ಇರಲಿ,” ಎಂದಳು ಹೆಂಡತಿ, “ಅಜ್ಜಿಗೆ ಫೋನ್ ಮಾಡಿ.”

ಫೋನ್ ಮಾಡಿದೆ. ನಾನು ಅರ್ಧ ಹೇಳುವಷ್ಟರಲ್ಲೇ ಅಜ್ಜಿ ರೇಗಿಬಿಟ್ಟಳು. ಹೊಸಬಳು ಮೊಳದಲ್ಲಿ ಕಳ್ಳಾಟ ಆಡುತ್ತಿದ್ದಾಳೆ ಎಂಬುದಷ್ಟೇ ಅವಳ ಕಿವಿಗೆ ಬಿದ್ದದ್ದು. “ನಾಳೆ ಬತ್ತೀನಿ ಮೇಷ್ಟ್ರೇ. ನನ್ನ ಹೆಸ್ರು ಕೆಡಿಸ್ತಾವ್ಳಾ?” ಎಂದು ಫೋನ್ ಇಟ್ಟಳು.

ಮರುದಿನ, ತಿಂಗಳು ಮುಗಿಯಲು ಇನ್ನು ಕೆಲವೇ ದಿನ ಇರುವಾಗ, ಅಜ್ಜಿ ಆಟೋದಲ್ಲಿ ಬಂದಳು. ಬಿಸಿಲು ಏರಿತ್ತು. ಬುಟ್ಟಿಯಿಲ್ಲದ ಅಜ್ಜಿಯನ್ನು ಅಂಥ ಹೊತ್ತಿನಲ್ಲಿ ನಾವ್ಯಾರೂ ನೋಡಿರಲಿಲ್ಲ. ದೇವಸ್ಥಾನದ ಮೂರ್ತಿಯನ್ನು ಅಲಂಕಾರ ತೆಗೆದಾಗ ಕಂಡಂತಾಯಿತು. ಆಟೋ ನಿಲ್ಲಿಸಿದ್ದು ನೇರ ಮೂಲೆಮನೆಯ ಮುಂದೆ. ಹೊಸಬಳು ಮೊದಲೇ ಬಂದು ಅಲ್ಲಿ ಬುಟ್ಟಿ ಇಳಿಸಿಕೊಂಡು ಕಾಯುತ್ತಿದ್ದಳು. ಮೇಡಂ ಹೊರಗೆ ಬಂದರು. ನಾನೂ ನನ್ನ ಹೆಂಡತಿಯೂ ಹೋದೆವು. ಹೋಗುವಾಗಲೇ ಹೆಂಡತಿ ನನಗೆ ಹೇಳಿಟ್ಟಿದ್ದಳು: “ನೀವು ಬಾಯಿ ಬಿಡಬೇಡಿ.”

ಅಜ್ಜಿ ಕಾಂಪೌಂಡಿನ ಕಟ್ಟೆ ಹಿಡಿದು ಮೆಲ್ಲಗೆ ಕೂತಳು. ಕೂತವಳೇ, “ಎಲ್ಲಿ ಅಮ್ಮಿ, ಅಳೆ. ನೋಡಾನ ನಿನ್ನ ಮೊಳವ” ಎಂದಳು.

ಹೊಸಬಳು ಅಳೆದಳು. ಅಜ್ಜಿ ಆ ಸರವನ್ನು ಕಿತ್ತುಕೊಂಡು ತನ್ನ ಕೈಯ ಮೇಲೆ ಹಿಡಿದಳು. ಬೆರಳುಗಳು ಪೂರ್ತಿ ಹೊರಗೇ ಉಳಿದವು. ಅಜ್ಜಿಯ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು. ಆದರೆ ಕಣ್ಣು ಹೊಸಬಳ ತೋಳಿನ ಮೇಲೆ ಹೋಯಿತು. ಅದನ್ನು ಹಿಡಿದೆಳೆದು ತನ್ನ ತೋಳಿನ ಪಕ್ಕಕ್ಕೆ ಇಟ್ಟುಕೊಂಡಳು. ಮೊಳಕೈಗೆ ಮೊಳಕೈ ಸೇರಿಸಿ ನೋಡಿದಳು. ಒಂದು ಒಣಗಿದ ಉದ್ದ ಕೈ, ಒಂದು ಗಿಡ್ಡನೆಯ ದುಂಡು ಕೈ.

“ಅಯ್ ಶಿವನೇ,” ಎಂದಳು. “ಇಷ್ಟುದ್ದಾನಾ ನನ್ನ ಕೈ?”

ಅಜ್ಜಿ ಮೇಡಂ ಕಡೆ ತಿರುಗಿದಳು. “ಅಮ್ಮಾವ್ರೇ, ನನ್ನ ಮೊಳ ದೊಡ್ಡದು ಅಂತ ನಿಮಗೆ ಗೊತ್ತಿರಲಿಲ್ವಾ?”

“ನಾನೇನು ಅಳೆದು ನೋಡಿದ್ನಾ ಅಜ್ಜಿ,” ಎಂದರು ಮೇಡಂ. ಧ್ವನಿ ಸ್ವಲ್ಪ ಇಳಿದಿತ್ತು.

“ಹೂಂ. ಕಮ್ಮಿ ಆದ್ರೆ ತಾನೇ ಅಳೆಯಾದು.”

ನನಗೆ ಬಾಯಿ ತುರಿಸಿತು. ಹೆಂಡತಿ ಕಣ್ಣಲ್ಲೇ ತಡೆದಳು.

ಅಜ್ಜಿ ಈಗ ಹೊಸಬಳಿಗೆ, “ಇವ್ರಿಗೆ ನನ್ನ ಮೊಳ ರೂಢಿ ಆಗೋಗದೆ. ಅಷ್ಟೇ ಕೊಡು, ಇನ್ನೇನ್ ಮಾಡ್ತೀಯ” ಎಂದಳು.

“ಅಜ್ಜೀ, ನಿನ್ನ ಮೊಳ ಕೊಟ್ರ ನನಗೇನ ಉಳೀತೈತಿ? ನಿನಗ ಏನ ಉಳೀತಿತ್ತ, ಅದನ್ನರ ಹೇಳ.”

ಅಜ್ಜಿ ಮಂಡಿ ನೀವಿಕೊಂಡಳು. ತಲೆಯಲ್ಲಿ ಏನೋ ಕೂಡಿಸಿ ಕಳೆಯುತ್ತಿದ್ದಂತೆ ತುಟಿ ಅಲ್ಲಾಡಿತು. ಕೊನೆಗೆ ಸಣ್ಣ ಧ್ವನಿಯಲ್ಲಿ, “ಉಳೀತಿದ್ದುದು ಅಷ್ಟಕ್ಕಷ್ಟೇ. ಅದಕ್ಕೇ ವರ್ಸಾ ವರ್ಸಾ ಕೇಳಬೇಕು, ಎಲ್ಡು ರೂಪಾಯಿ ಜಾಸ್ತಿ ಮಾಡಿ ಅಂತ ಕೇಳಬೇಕು ಅನ್ಕೋತಿದ್ದೆ. ಗೇಟ್ ತಾವ ಬಂದ್ರೆ ಬಾಯಿ ಬತ್ತಿರಲಿಲ್ಲ” ಎಂದಳು.

ಮಾರಾಟವಾದ ಗುಡ್‌ವಿಲ್ ಏನೆಂದು ನನಗೆ ಆಗ ತಿಳಿಯಿತು. ಬೀದಿ ಅಜ್ಜಿಯ ಮೇಲಿಟ್ಟಿದ್ದ ಪ್ರೀತಿಯೆಲ್ಲ ದಿನಕ್ಕೆ ನಾಲ್ಕು ಬೆರಳಿನ ಹಾಗೆ ಅಜ್ಜಿಯ ಜೇಬಿನಿಂದಲೇ ಹೋಗಿ ಬೆಳೆದದ್ದು. ಆ ನಷ್ಟವನ್ನೇ ಆಕೆ ಆಸ್ತಿಯೆಂದು ನಂಬಿ ಮಾರಿದ್ದಳು, ಇನ್ನೊಬ್ಬಳು ಓಲೆ ಅಡವಿಟ್ಟು ಕೊಂಡಿದ್ದಳು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಪಾಠದ ಪುಸ್ತಕದಲ್ಲಿ ಇಂಥ ಆಸ್ತಿಗೆ ಹೆಸರಿಲ್ಲ.

“ಮತ್ತ ನನಗ್ಯಾಕ ರೇಟ್ ಏರಿಸಬ್ಯಾಡ ಅಂತ ಆಣಿ ಹಾಕ್ಸಿದಿ?” ಎಂದಳು ಹೊಸಬಳು.

“ಯಾರೇ ಆಣೆ ಹಾಕ್ಸಿದ್ದು?”

“ನೀನ! ತಾಂಬೂಲ ಕೈಯಾಗಿಟ್ಟು ಹೇಳಿದಿ.”

“ಅಯ್ಯೋ ಹುಚ್ಚವ್ವಾ! ಅದು ಬುದ್ಧಿಮಾತು ಕಣೆ, ಆಣೆ ಅಲ್ಲ. ಜನ ಬಿಟ್ಟೋಗ್ತಾರೆ ಅಂತ ಹೆದರಿ ಹೇಳ್ದೆ. ಕೈಯಲ್ಲಿ ಎಲೆ ಇದ್ದಾಗ ಹೇಳಿದ್ದೆಲ್ಲ ಆಣೆ ಆದ್ರೆ, ನಾನು ನನ್ನ ಮದ್ವೇಲಿ ಏನೇನ್ ಹೇಳಿದ್ನೋ!”

ನನ್ನ ಹೆಂಡತಿ ನಕ್ಕಳು. ಮೇಡಂ ನಗಲಿಲ್ಲ, ಆದರೆ ನಿಂತ ಭಂಗಿ ಬದಲಾಯಿತು. ಹೊಸಬಳ ಬುಟ್ಟಿಯಿಂದ ಒಂದು ಸರ ಎತ್ತಿಕೊಂಡು, ಹೂವು ಹೂವಿನ ನಡುವೆ ಉಗುರು ತೂರಿಸಿ ನೋಡಿದರು. ಉಗುರು ಹೋಗಲಿಲ್ಲ.

“ಒತ್ತಾಗಿ ಕಟ್ಟಿದೀಯ,” ಎಂದರು.

“ನಮ್ಮ ಕಡೆ ಹಂಗ ಕಟ್ಟೋದ್ರಿ ಮೇಡಂ. ಬಿಡಿಬಿಡಿ ಕಟ್ಟಿದ್ರ ನಮ್ಮವ್ವ ಕೈಗೆ ಹೊಡೀತಿದ್ಳು.”

“ಅಜ್ಜಿ ಮೊಳ ಕೊಡ್ತೀಯಾ? ಪಟದ ಆ ಮೊಳೆಯಿಂದ ಈ ಮೊಳೆವರೆಗೆ ಬರ್ಬೇಕು.”

ಹೊಸಬಳು ಅಜ್ಜಿಯನ್ನು ನೋಡಿದಳು. ಅಜ್ಜಿ ಎತ್ತಲೋ ನೋಡುತ್ತಿದ್ದಳು. ಇನ್ನು ತನ್ನದೇನೂ ಇಲ್ಲ ಎಂಬ ಹಾಗೆ.

“ಕೊಡ್ತೇನ್ರಿ,” ಎಂದಳು ಹೊಸಬಳು. ಒಂದು ಕ್ಷಣ ತಡೆದು, “ಮೊಳಕ್ಕ ಐದ ರೂಪಾಯಿ ಜಾಸ್ತಿ ಆಗತೈತ್ರಿ” ಎಂದಳು. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದವಳಂತೆ ಬುಟ್ಟಿಯ ಅಂಚು ಹಿಡಿದುಕೊಂಡಳು.

“ಮೂರು,” ಎಂದರು ಮೇಡಂ.

ನನ್ನ ಮೈ ರೋಮಾಂಚನಗೊಂಡಿತು. ಪ್ರಸ್ತಾವ, ಅದಕ್ಕೆ ಎದುರು ಪ್ರಸ್ತಾವ; ಎದುರು ಪ್ರಸ್ತಾವ ಬಂದ ಕೂಡಲೇ ಮೊದಲನೆಯದು ಸತ್ತಿತು. ಇಷ್ಟು ಸ್ವಚ್ಛವಾಗಿ ಇದು ನಡೆಯುವುದನ್ನು ನಾನು ಬೋರ್ಡಿನ ಮೇಲೆ ಬಿಟ್ಟು ಇನ್ನೆಲ್ಲೂ ಕಂಡಿರಲಿಲ್ಲ.

“ಮೂರಕ್ಕ ಆಗಂಗಿಲ್ರಿ ಮೇಡಂ. ನಾಕ ಬೆರಳಿಗೆ ನಾಕ ರೂಪಾಯಿ ಕೊಡ್ರಿ. ಬೆರಳಿಗೊಂದು.”

ಮೇಡಂ ಅವಳನ್ನೇ ನೋಡಿದರು. ಇಷ್ಟು ದಿನ ಆಕೆಯ ಮುಖವನ್ನು ಅವರು ಸರಿಯಾಗಿ ನೋಡಿದ್ದರೋ ಇಲ್ಲವೋ; ಬೇವಿನ ಕಡ್ಡಿ ಸಿಕ್ಕಿಸಿದ ಕಿವಿಯ ಮೇಲೆ ಅವರ ಕಣ್ಣು ಒಂದಿಷ್ಟು ಹೊತ್ತು ನಿಂತಿತು. ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟುಕೊಳ್ಳುವ ಕೌಂಟರಿನಲ್ಲೂ ಅವರು ಕೂತಿದ್ದವರೇ.

“ನಾಲ್ಕು,” ಎಂದರು. “ಚಿಲ್ಲರೆ ಜಗಳ ಬೇಡ, ಫೋನಲ್ಲೇ ಹಾಕ್ತೀನಿ. ನಾಳೆ ಶುಕ್ರವಾರ, ಎರಡು ಮೊಳ ಜಾಸ್ತಿ ತಾ.”

“ಆಪಿಂದು?” ಎಂದೆ ನಾನು. ತಡೆಯಲಾಗಲಿಲ್ಲ.

“ಒಂದು ದಿನ ತರಿಸಿ ನೋಡಿದೆ ಸಾರ್. ಫ್ರಿಜ್ಜಿನ ವಾಸನೆ.” ಅದನ್ನು ಗುಂಪಿನಲ್ಲಿ ಹಾಕಿರಲಿಲ್ಲವಲ್ಲ ಎಂದು ಕೇಳಬೇಕೆನಿಸಿತು; ಕೇಳಲಿಲ್ಲ. ಒಂದು ದಿನಕ್ಕೆ ಒಂದು ಜಾಣತನ ಸಾಕು.

ಹೊಸಬಳು ನಿಂತೇ ಇದ್ದಳು. ಒಂದು ಮನೆ ಉಳಿಯಿತು, ಮಿಕ್ಕವುಗಳ ಗತಿಯೇನು ಎಂಬುದು ಮುಖದಲ್ಲಿ ಕಾಣುತ್ತಿತ್ತು. ಪ್ರತಿ ಗೇಟಿನಲ್ಲೂ ಕೈಗೆ ಕೈ ಅಳೆದು, ನಾಲ್ಕು ರೂಪಾಯಿಯ ಕಥೆ ಹೇಳಿ, ತಾನು ಕಳ್ಳಿ ಅಲ್ಲವೆಂದು ನಂಬಿಸಬೇಕು. ಅಜ್ಜಿ ಎದ್ದು ತಾನೇ ಬರುತ್ತೇನೆಂದು ಕಟ್ಟೆ ಹಿಡಿದು ಏಳಲು ನೋಡಿದಳು. ಮಂಡಿ ಮಾತು ಕೇಳಲಿಲ್ಲ.

“ನೀವು ಕೂತ್ಕೊಳ್ಳಿ ಅಜ್ಜಿ, ಕಾಫಿ ಬರುತ್ತೆ,” ಎಂದರು ಮೇಡಂ. ಒಳಗೆ ಹೋದರು, ಕೆಲಸದವಳಿಗೆ ಕಾಫಿ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು. ಹೊಸಬಳ ಹೆಗಲನ್ನು ಬೆರಳ ತುದಿಯಿಂದ ಮುಟ್ಟಿ, “ನಡಿ, ಬುಟ್ಟಿ ತಗೋ” ಎಂದು ಮುಂದೆ ನಡೆದರು.

ನನ್ನ ಹೆಂಡತಿ ಅಜ್ಜಿಯ ಪಕ್ಕದಲ್ಲಿ ಕೂತು ಮಂಡಿಗೆ ಯಾವ ಎಣ್ಣೆ ಹಚ್ಚುತ್ತೀಯೆಂದು ವಿಚಾರಿಸತೊಡಗಿದಳು. ಅಜ್ಜಿಗೆ ಅದರ ಕಡೆ ಗಮನವಿರಲಿಲ್ಲ. ಅವಳು ಬೀದಿಯನ್ನು ನೋಡುತ್ತಿದ್ದಳು. ಮೇಡಂ ಪಕ್ಕದ ಮನೆಯ ಗೇಟನ್ನು ತಳ್ಳಿ, ಎಲ್ಲರಿಗೂ ಕೇಳಿಸುವ ಹಾಗೆ ಕೂಗಿದರು.

“ರೀ, ಸ್ವಲ್ಪ ಹೊರಗೆ ಬನ್ನಿ. ನಮ್ಮ ಹೂವಿನವಳನ್ನ ಕರ್ಕೊಂಡು ಬಂದಿದೀನಿ.”